ತಾತನ ಜೋಡಿ ನಳಿಗೆ

ಹೋದ ಸಲ ನಮ್ಮ ಮನೆಯ ಹಳೇ ರೇಡಿಯೋ ಬಗ್ಗೆ ಬರೆದಿದ್ದೆ. ಓದಿದ ಗೆಳೆಯನೊಬ್ಬ "ನೆಕ್ಸ್ಟ್ ನಿಮ್ ತಾತನ ಗನ್ ಬಗ್ಗೆ ಬರಿ ಮಗಾ" ಅಂತ ಮೆಸೇಜ್ ಹಾಕಿದ. ಆಗ ಬರೆಯೋ ಮನಸ್ಸಿರಲಿಲ್ಲ. ತಾತ ಹೋಗಿ ಸ್ವಲ್ಪ ದಿನ ಆಗಿತ್ತು ಅಷ್ಟೇ. ಆ ಗನ್ನಿನ ವಿಷಯಕ್ಕೇ ನನಗೂ ಅಪ್ಪನಿಗೂ ಮಾತು ನಿಂತುಹೋಗಿತ್ತು. ಈಗ ಮಾತಾಡ್ತಿದ್ದೀವಿ. ಜಗಳ ಪೂರ್ತಿ ಮುಗಿದಿಲ್ಲ.

ರಾಮನಗರ ಕಡೆಯವನು ಅಂದ್ರೆ ಆಫೀಸಲ್ಲಿ ಮೊದಲು ಬರೋ ಮಾತು ಶೋಲೆ. ಗನ್ ಅಂದ್ರಂತೂ ಮುಗೀತು, ಗಬ್ಬರ್ ಡೈಲಾಗ್ ಶುರು. ಆದರೆ ಗಬ್ಬರ್ ಕೈಯಲ್ಲಿದ್ದದ್ದು ಆರು ಗುಂಡಿನ ರಿವಾಲ್ವರ್. ನಮ್ಮ ಕಡೆಯ ಹಳ್ಳಿ ಮನೆಗಳ ಗೋಡೆಯಲ್ಲಿ ನೇತಾಡುತ್ತಿದ್ದದ್ದು ಬೇರೆಯದು: ಪಕ್ಕಪಕ್ಕ ಎರಡು ನಳಿಗೆ, ಎರಡು ಕುದುರೆ, ಎರಡು ಟ್ರಿಗರ್ ಇರುವ ತೋಟಾ ಕೋವಿ. ಕಾಗದಪತ್ರದಲ್ಲಿ ಅದಕ್ಕೆ ಡಿಬಿಬಿಎಲ್ ಅಂತ ಹೆಸರು. ಅಂದ್ರೆ ಡಬಲ್ ಬ್ಯಾರೆಲ್ ಬ್ರೀಚ್ ಲೋಡಿಂಗ್. ಎರಡು ನಳಿಗೆ, ತೋಟಾ ಹಾಕೋದು ಹಿಂದಿನಿಂದ, ಅಷ್ಟೇ ಅರ್ಥ. ಕುದುರೆ ಅಂದ್ರೆ ಹ್ಯಾಮರ್. ಹಿಂದಕ್ಕೆ ಎಳೆದು ಬಿಟ್ಟರೆ ಮುಂದಕ್ಕೆ ನೆಗೆಯುತ್ತಲ್ಲ, ಅದಕ್ಕೇ ಇರಬೇಕು ಆ ಹೆಸರು.

ನಮ್ಮ ಊರು ಚನ್ನಪಟ್ಟಣ ತಾಲ್ಲೂಕಿನ ಅಂಚು, ಕನಕಪುರದ ಕಡೆಗೆ. ತೆಂಗಿನಕಲ್ಲು ಕಾಡು ದೂರವಿಲ್ಲ. ತಾತ 1968ರಲ್ಲಿ ರೇಷ್ಮೆಗೂಡು ಮಾರಿದ ದುಡ್ಡಲ್ಲಿ ಬೆಂಗಳೂರಿನ ಅಂಗಡಿಯಿಂದ ಸೆಕೆಂಡ್‌ಹ್ಯಾಂಡ್ ಕೋವಿ ತಂದರು. ರಾಗಿ ಹೊಲಕ್ಕೆ ಹಂದಿ, ತೋಟಕ್ಕೆ ಆನೆ. ಅವರು ಗುಂಡು ಹಾರಿಸುತ್ತಿದ್ದದ್ದು ಆಕಾಶಕ್ಕೆ. ಆನೆ ಕಡೆ ನಳಿಗೆ ತಿರುಗಿಸಿದ್ದನ್ನ ನಾನಂತೂ ನೋಡಿಲ್ಲ. ಚಿಕ್ಕವನಿದ್ದಾಗ ಕೇಳಿದ್ದೆ, ಎರಡು ನಳಿಗೆ ಯಾಕೆ ತಾತ ಅಂತ. "ಒಂದು ಪ್ರಾಣಿ ಹೆದರ್ಸಕ್ಕೆ, ಇನ್ನೊಂದು ನಮ್ ಹೆದ್ರಿಕೆಗೆ ಕಣ್ಲಾ" ಅಂದಿದ್ದರು. ತಮಾಷೆ ಅಂದುಕೊಂಡಿದ್ದೆ.

ಲೈಸೆನ್ಸ್ ಪುಸ್ತಕ ನೋಡಿದರೆ ನಮ್ಮ ಸೀಮೆಯ ಚರಿತ್ರೆಯೇ ಸೀಲುಗಳಲ್ಲಿದೆ. ಮೊದಲು ಬೆಂಗಳೂರು ಜಿಲ್ಲೆ. 1986ರ ನಂತರ ಬೆಂಗಳೂರು ಗ್ರಾಮಾಂತರ. 2007ರ ನಂತರ ರಾಮನಗರ. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಾಯಿತು. ಆ ಸೀಲು ಬೀಳುವ ಮೊದಲೇ ತಾತ ಹೋದರು. ಮನೆ ಕದಲಲಿಲ್ಲ, ಕೋವಿ ಕದಲಲಿಲ್ಲ, ಜಿಲ್ಲೆ ಮಾತ್ರ ಅಪ್‌ಡೇಟ್ ಆಗ್ತಾ ಬಂತು. ಕದಲಲಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಚುನಾವಣೆ ಬಂದಾಗೆಲ್ಲ ಠಾಣೆಗೆ ಹೋಗಿ ಜಮಾ ಆಗ್ತಿತ್ತು. 2023ರ ವಿಧಾನಸಭೆ, 2024ರ ಲೋಕಸಭೆ, ಅದೇ ನವೆಂಬರಲ್ಲಿ ಚನ್ನಪಟ್ಟಣ ಉಪಚುನಾವಣೆ. ಎರಡು ವರ್ಷದಲ್ಲಿ ಮೂರು ಸಲ. "ನನಗಿಂತ ಜಾಸ್ತಿ ಓಡಾಡ್ತದೆ ಇದು" ಅಂತಿದ್ದರು ತಾತ.

ಲೈಸೆನ್ಸುದಾರ ತೀರಿಕೊಂಡರೆ ಕೋವಿಯನ್ನ ಮನೇಲಿ ಸುಮ್ಮನೆ ಇಟ್ಟುಕೊಳ್ಳೋ ಹಾಗಿಲ್ಲ. 1959ರ ಶಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮಾ ಮಾಡಬೇಕು. ನಾವು ಡೀಲರ್ ಹತ್ತಿರ ಇಟ್ಟೆವು. ಅಲ್ಲಿದ್ದ ವಯಸ್ಸಾದ ರಿಪೇರಿ ಮೇಷ್ಟ್ರು ಮೇಜಿನ ಮೇಲೆ ಬಟ್ಟೆ ಹಾಸಿ, ಕೋವಿಯನ್ನ ಮೂರು ತುಂಡು ಮಾಡಿ ಇಟ್ಟರು. ನಳಿಗೆ, ಮುಂಗೈ ಮರ, ಹಿಂಭಾಗ. ಒಂದು ಸ್ಕ್ರೂ ಡ್ರೈವರ್ ಕೂಡ ಮುಟ್ಟಲಿಲ್ಲ. ಇಂಜಿನಿಯರಿಂಗ್ ಓದಿದ ನನಗೆ ಇಷ್ಟು ವರ್ಷ ಅದರೊಳಗೆ ಏನಿದೆ ಅಂತ ಗೊತ್ತೇ ಇರಲಿಲ್ಲ.

ಮೊದಲನೇ ಶಾಕ್ ಅಲ್ಲೇ. ಮೂರು ತಲೆಮಾರು "ಇಂಗ್ಲೆಂಡ್ ಗನ್" ಅಂತ ಮೀಸೆ ತಿರುವಿದ ಕೋವಿ ಇಂಗ್ಲೆಂಡಿನದ್ದಲ್ಲ. ನಳಿಗೆಯ ಕೆಳಗೆ ಮೊಟ್ಟೆಯಾಕಾರದ ಮುದ್ರೆ, ಒಳಗೆ ಇಎಲ್‌ಜಿ ಅನ್ನೋ ಮೂರಕ್ಷರ. ಬೆಲ್ಜಿಯಂನ ಲಿಯೇಜ್ ಊರಿನ ಪರೀಕ್ಷಾಲಯದ ಗುರುತು. ಯುರೋಪಿನಲ್ಲಿ ನಳಿಗೆಗಳನ್ನ ಮಾರುವ ಮೊದಲು ಜಾಸ್ತಿ ಮದ್ದು ತುಂಬಿ ಸಿಡಿಸಿ, ಒಡೆಯದಿದ್ದರೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಅದೇ ಪ್ರೂಫ್. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ಅಂಥ ಪ್ರೂಫ್ ಹೌಸ್ ಇದೆ. ನಾವು ಕ್ಯೂಎ ಟೀಮ್ ಅಂತೀವಲ್ಲ, ಅದೇ. ಇಲ್ಲಿ ಫೇಲ್ ಆದ ಬಿಲ್ಡ್ ಚೂರುಚೂರಾಗುತ್ತೆ.

ಹಿಂದಕ್ಕೆ ಹೋದರೆ ಈ ಎರಡು ಏಟಿನ ಹಂಬಲ ನಮ್ಮ ಪಕ್ಕದಲ್ಲೇ ಇತ್ತು. ಮಾಗಡಿಯ ಸಾವನದುರ್ಗವನ್ನ 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್ ಸೈನ್ಯ ಹಿಡಿದಾಗ ಸೈನಿಕರ ಕೈಯಲ್ಲಿದ್ದದ್ದು ಒಂದೇ ನಳಿಗೆ. ಬಾಯಿಂದ ಮದ್ದು ಸುರಿದು, ಗುಂಡು ಗಿಡಿದು, ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸಬೇಕು. ಮಳೆ ಬಂದರೆ ಕೆಲಸ ಇಲ್ಲ. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಕುಶಲಕರ್ಮಿಗಳು ಟಿಪ್ಪುವಿಗೆ ಬೇಟೆ ಕೋವಿ ಮಾಡಿಕೊಡುತ್ತಿದ್ದರು. ಒಂದೇ ನಳಿಗೆಯಲ್ಲಿ ಒಂದರ ಮೇಲೊಂದು ಎರಡು ಏಟು ತುಂಬುವ ಕೋವಿಯೂ ಅವರ ಕೈಯಿಂದ ಬಂದಿದೆ. ಅದರಲ್ಲಿ ಮುಂದಿನ ಏಟಿನ ಬೆಂಕಿ ಹಿಂದಿನದಕ್ಕೆ ತಗುಲಿದರೆ ಕಥೆ ಮುಗೀತು. ಅದಕ್ಕಿಂತ ಎರಡು ನಳಿಗೆ ಇಟ್ಟುಕೊಳ್ಳೋದೇ ಕ್ಷೇಮ.

ಚಕಮಕಿಯನ್ನ ಓಡಿಸಿದವರು ಒಬ್ಬ ಪಾದ್ರಿ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್. ಬಾತುಕೋಳಿ ಹೊಡೆಯೋ ಹುಚ್ಚು. ಚಕಮಕಿಯ ಬೆಳಕು ಕಂಡ ತಕ್ಷಣ, ಗುಂಡು ಬರೋಷ್ಟರಲ್ಲಿ ಹಕ್ಕಿಗಳು ಹಾರಿಹೋಗ್ತಿದ್ದವು. ಅಂದ್ರೆ ಲೇಟೆನ್ಸಿ ಸಮಸ್ಯೆ. ಕುಟ್ಟಿದರೆ ಸಿಡಿಯುವ ರಾಸಾಯನಿಕ ಬಳಸುವ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ತಗೊಂಡರು. ನಮ್ಮ ಕಡೆ ಕೇಪಿನ ಕೋವಿ ಅಂತಾರಲ್ಲ, ಅದರ ಮೂಲ ಇದು. ಆಮೇಲೆ 1830ರ ದಶಕದಲ್ಲಿ ಪ್ಯಾರಿಸ್ಸಿನ ಲೆಫೋಶೋ ನಳಿಗೆಯನ್ನ ಮಧ್ಯದಲ್ಲಿ ಮಡಚುವ ಕೋವಿ ಮಾಡಿದ. ಬಾಯಿಂದ ತುಂಬುವ ಕಾಟ ತಪ್ಪಿತು.

ಮಡಚೋದು ಸುಲಭ. ಆದರೆ ಸಿಡಿದಾಗ ಅದೇ ಕೀಲು ತೆರೆದುಕೊಳ್ಳದ ಹಾಗೆ ಹಿಡಿಯೋದು ಹೇಗೆ? ನಳಿಗೆಯ ಬುಡದಲ್ಲಿ ಕೆಳಕ್ಕೆ ಚಾಚಿದ ಎರಡು ಉಕ್ಕಿನ ಗಡ್ಡೆಗಳಿವೆ, ಅವುಗಳಲ್ಲಿ ಕಚ್ಚು. ಮೇಲಿನ ಸನ್ನೆ ಬಿಟ್ಟರೆ ಒಂದು ಉಕ್ಕಿನ ಪಟ್ಟಿ ಜಾರಿ ಎರಡೂ ಕಚ್ಚಿಗೆ ಕೂರುತ್ತೆ, ಬಾಗಿಲ ಅಗುಳಿ ಥರ. ಲಂಡನ್ನಿನ ಪರ್ಡಿ 1863ರಲ್ಲಿ ಪೇಟೆಂಟ್ ಮಾಡಿದ ಈ ಅಗುಳಿ ಇವತ್ತಿಗೂ ಹೊಸ ಕೋವಿಗಳಲ್ಲಿ ಬರುತ್ತೆ. ನೂರಾ ಅರವತ್ತು ವರ್ಷ ದಾಟಿದ ಕೋಡ್ ಇನ್ನೂ ಪ್ರೊಡಕ್ಷನ್‌ನಲ್ಲಿದೆ. ನಾನು ಎರಡು ವರ್ಷದ ಹಿಂದೆ ಬರೆದದ್ದನ್ನ ಆಗಲೇ ಯಾರೋ ಕಿತ್ತು ಎಸೆದಿದ್ದಾರೆ. 1875ರಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್, ಡೀಲಿ ಅನ್ನೋ ಇಬ್ಬರು ಇನ್ನೊಂದು ಹೆಜ್ಜೆ ಹೋದರು: ನಳಿಗೆ ಮಡಚುವ ಬಲದಿಂದಲೇ ಒಳಗಿನ ಕುದುರೆಗಳು ಹಿಂದಕ್ಕೆ ಸರಿದು ಸಿದ್ಧವಾಗುವ ಹಾಗೆ. ಹೊರಗೆ ಕುದುರೆ ಕಾಣದ ಕೋವಿಗಳೆಲ್ಲ ಹೆಚ್ಚುಕಮ್ಮಿ ಅದರ ಮಕ್ಕಳು. ತಾತನದು ಅದಕ್ಕಿಂತ ಹಳೇ ಪದ್ಧತಿಯದು, ಕುದುರೆ ಹೊರಗೇ ಕಿವಿ ನಿಮಿರಿಸಿಕೊಂಡು ನಿಂತಿದೆ.

ಇದರ ಅಂದ ಇರೋದು ಎರಡು ನಳಿಗೆಗೆ ಎರಡು ಪೂರ್ತಿ ಪ್ರತ್ಯೇಕ ವ್ಯವಸ್ಥೆ ಇರೋದರಲ್ಲಿ. ಬಲಗಡೆಯ ಸ್ಪ್ರಿಂಗ್ ಮುರಿದರೂ ಎಡಗಡೆಯದು ಕೆಲಸ ಮಾಡುತ್ತೆ. ಸರ್ವರ್ ಫೇಲ್‌ಓವರ್ ಅಂತ ನಾವು ದೊಡ್ಡದಾಗಿ ಸ್ಲೈಡ್ ಮಾಡ್ತೀವಿ. ಟ್ರಿಗರ್ ಎರಡು ಇರೋದಕ್ಕೂ ಕಾರಣ ಇದೆ. ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಎಡ ನಳಿಗೆಯ ಬಾಯಿ ಸಾಮಾನ್ಯವಾಗಿ ಕೂದಲೆಳೆಯಷ್ಟು ಕಿರಿದು. ಚೋಕ್ ಅಂತಾರೆ. ಚೋಕ್ ಇಲ್ಲದ ನಳಿಗೆಯಿಂದ ಹೊರಟ ಚರೆಯಲ್ಲಿ ಸುಮಾರು 40 ಪಾಲು 36 ಮೀಟರ್ ದೂರದ 76 ಸೆಂಟಿಮೀಟರ್ ವೃತ್ತದೊಳಗೆ ಬಿದ್ದರೆ, ಫುಲ್ ಚೋಕ್‌ನಿಂದ 70 ಪಾಲು ಬೀಳುತ್ತೆ. ಹತ್ತಿರದ್ದಕ್ಕೆ ಬಲ, ದೂರದ್ದಕ್ಕೆ ಎಡ. ಬೆರಳು ಒಂದಿಂಚು ಸರಿಸಿದರೆ ಆಯ್ಕೆ ಆಯಿತು, ಮೆನು ಇಲ್ಲ, ಸೆಟ್ಟಿಂಗ್ಸ್ ಇಲ್ಲ. ಹನ್ನೆರಡು ಬೋರ್ ಅನ್ನೋದೂ ಮಜಾ ಲೆಕ್ಕ: ನಳಿಗೆಗೆ ಸರಿಯಾಗಿ ಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ 12 ಬರಬೇಕು. ಹಾಗೆ ಬಂದ ಅಳತೆ 18.5 ಮಿಲಿಮೀಟರ್. ಅದಕ್ಕೇ 20 ಬೋರ್ ಅಂದ್ರೆ 12ಕ್ಕಿಂತ ಚಿಕ್ಕದು.

ಮೇಷ್ಟ್ರು ನಳಿಗೆಗೆ ಎಣ್ಣೆ ಬಟ್ಟೆ ಹಾಕಿ ಉಜ್ಜಿ ಕಿಟಕಿ ಬೆಳಕಿಗೆ ಹಿಡಿದರು. ಉದ್ದಕ್ಕೂ ಸಣ್ಣ ಸಣ್ಣ ಸುರುಳಿ, ಮರದ ಗೆರೆ ಥರ. ಕೆತ್ತನೆ ಅಂದುಕೊಂಡಿದ್ದೆ. ಅಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನ ಜಡೆ ಹಾಗೆ ತಿರುಚಿ, ಒಂದು ಕಂಬಿಗೆ ರಿಬ್ಬನ್ನಿನಂತೆ ಸುತ್ತಿ, ಕಾಯಿಸಿ ಬಡಿದು ಬೆಸೆದು, ಆಮೇಲೆ ಕಂಬಿ ತೆಗೆದ ನಳಿಗೆ. ಡಮಾಸ್ಕಸ್ ನಳಿಗೆ ಅಂತಾರೆ. ಲಿಯೇಜ್ ಸುತ್ತಮುತ್ತ ಮನೆಮನೆಯಲ್ಲಿ ಈ ಕೆಲಸ ನಡೀತಿತ್ತು. ನೋಡೋಕೆ ಕಣ್ಣು ಸಾಲದು. ಆದರೆ ಉದ್ದಕ್ಕೂ ಬೆಸುಗೆ ಇದೆ. ನೂರು ವರ್ಷದ ತುಕ್ಕು ಆ ಬೆಸುಗೆಯೊಳಗೆ ಎಲ್ಲಿ ಕೂತಿದೆ ಅಂತ ಹೊರಗಿನಿಂದ ಕಾಣಲ್ಲ.

"ಇದರಲ್ಲಿ ಏನು ತೋಟಾ ಹಾಕ್ತಿದ್ದರು?" ಅಂತ ಕೇಳಿದರು ಮೇಷ್ಟ್ರು.

"ಶಕ್ತಿಮಾನ್" ಅಂದರು ಅಪ್ಪ. ಸರ್ಕಾರಿ ಕಾರ್ಖಾನೆಯ ತೋಟಾ, ಎಲ್ಲರೂ ಬಳಸೋದೇ.

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತೋರಿಸಿದರು. ಲಿಯೇಜ್‌ನಲ್ಲಿ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಪಾಸಾದ ನಳಿಗೆಗೆ ಸಿಂಹದ ಗುರುತು, ಕೆಳಗೆ ಪಿವಿ ಅಂತ ಅಕ್ಷರ ಇರುತ್ತೆ. ಇದರಲ್ಲಿ ಸಿಂಹ ಇಲ್ಲ. ಅಂದ್ರೆ ಇದು ಹಳೇ ಕಪ್ಪು ಮದ್ದಿಗೆ ಮಾತ್ರ ಪರೀಕ್ಷೆಯಾದ ಕೋವಿ. ಈಗಿನ ತೋಟಾದಲ್ಲಿ ಇರೋದು ಹೊಗೆಯಿಲ್ಲದ ಮದ್ದು, ಅದರ ಒತ್ತಡದ ರೀತಿಯೇ ಬೇರೆ. ಇನ್ನೊಂದು: ತೋಟಾ ಕೂರುವ ಗೂಡನ್ನ ಅಳೆದರೆ 65 ಮಿಲಿಮೀಟರ್. ಈಗಿನ ತೋಟಾ ಸಾಮಾನ್ಯವಾಗಿ 70. "ಆದ್ರೆ ಸರಿಯಾಗಿ ಕೂರ್ತಿತ್ತಲ್ಲ!" ಅಂದರು ಅಪ್ಪ. ಕೂರುತ್ತೆ, ಅದೇ ಮೋಸ. ತೋಟಾದ ಅಳತೆ ಹೇಳೋದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನದ್ದು. ಸಿಡಿಯೋ ಮುಂಚೆ ಮಡಿಚಿಕೊಂಡು ಚಿಕ್ಕದಾಗೇ ಇರುತ್ತೆ. ಸಿಡಿದಾಗ ಬಿಚ್ಚಿದ ಬಾಯಿ ಮುಂದಿನ ಕಿರಿದಾದ ಜಾಗಕ್ಕೆ ಒತ್ತಿಕೊಂಡು ದಾರಿ ಕಟ್ಟುತ್ತೆ, ಒತ್ತಡ ಇನ್ನೂ ಏರುತ್ತೆ. ಕಂಪೈಲ್ ಸರಿಯಾಗೇ ಆಗುತ್ತೆ, ಎರರ್ ಬರೋದು ರನ್‌ಟೈಮ್‌ನಲ್ಲಿ. ಇಲ್ಲಿ ರನ್‌ಟೈಮ್ ಅಂದ್ರೆ ತಾತನ ಎಡಗೈ ಆ ನಳಿಗೆಯನ್ನ ಹಿಡಿದಿರುವ ಹೊತ್ತು.

ಐವತ್ತಕ್ಕೂ ಹೆಚ್ಚು ವರ್ಷ. ಪ್ರತಿ ಸುಗ್ಗಿ. ಅಪ್ಪ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ದಯವಿಟ್ಟು ಮುಂದಿನ ತೋಟಾಕ್ಕೆ ಮೊದಲು ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಕೇಳೋದಲ್ಲ. ಮೇಷ್ಟ್ರು ನಳಿಗೆಯನ್ನ ದಾರಕ್ಕೆ ನೇತುಹಾಕಿ ಬೆರಳಲ್ಲಿ ತಟ್ಟಿ ಕಿವಿ ಕೊಟ್ಟರು. ಗಂಟೆಯಂತೆ ನಾದ ಬಂದರೆ ಎರಡು ನಳಿಗೆಯ ನಡುವಿನ ಬೆಸುಗೆ ಗಟ್ಟಿ. ನಮ್ಮದು ಡಬ್ಬದ ಸದ್ದು ಮಾಡಿತು.

ಈಗ ಜಗಳದ ವಿಷಯ. 2016ರ ಶಸ್ತ್ರ ನಿಯಮಗಳ ಪ್ರಕಾರ 70 ವರ್ಷ ತುಂಬಿದವರು, ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು, ಬದುಕಿದ್ದಾಗಲೇ ವಾರಸುದಾರರ ಹೆಸರು ಸೂಚಿಸಿ ಅವರಿಗೆ ಲೈಸೆನ್ಸ್ ಕೇಳಬಹುದಿತ್ತು. ತಾತ ಎರಡರಲ್ಲೂ ಅರ್ಹರು. ಯಾರೂ ಯೋಚಿಸಲಿಲ್ಲ. ಈಗ ವಾರಸುದಾರರೆಲ್ಲರ ಒಪ್ಪಿಗೆ, ತರಬೇತಿ ಪ್ರಮಾಣಪತ್ರ, ಪೊಲೀಸ್ ವರದಿ. ಅಪ್ಪನಿಗೆ ಇದು ನನ್ನ ಹೆಸರಿಗೆ ಆಗಬೇಕು. ನಾನಿರೋದು ಬೆಂಗಳೂರಲ್ಲಿ, ಎರಡು ರೂಮಿನ ಬಾಡಿಗೆ ಫ್ಲ್ಯಾಟ್. "ಇಷ್ಟು ಹಳೇದು, ಆಂಟಿಕ್ ಅಂತ ಷೋಕೇಸಲ್ಲಿ ಇಟ್ಕೋ, ಲೈಸೆನ್ಸೇ ಬೇಡ" ಅಂದರು ಚಿಕ್ಕಪ್ಪ. ಕಾನೂನು ಹಾಗೆ ಹೇಳಲ್ಲ. ರಿಪೇರಿ ಮಾಡಿದರೂ ಸಿಡಿಯಲಾರದ ಹಳೇ ಆಯುಧಕ್ಕಷ್ಟೇ ಆ ವಿನಾಯಿತಿ. ಇದು ಇವತ್ತಿಗೂ ಸಿಡಿಯುತ್ತೆ. ಕೊಡಗಿನವರಾಗಿದ್ದರೆ ಜಮ್ಮಾ ಹಿಡುವಳಿಯ ಮೇಲೆ ಲೈಸೆನ್ಸ್ ವಿನಾಯಿತಿ ಇದೆ, ನಮಗಿಲ್ಲ.

ನಾನು ಹೇಳಿದ್ದು: ಶಾಶ್ವತವಾಗಿ ನಿಷ್ಕ್ರಿಯ ಮಾಡಿಸೋಣ, ಇಲ್ಲಾಂದ್ರೆ ಒಪ್ಪಿಸಿಬಿಡೋಣ. ನಿಷ್ಕ್ರಿಯ ಅಂದ್ರೆ ನಳಿಗೆ ಕೊರೆದು ಕೆಡಿಸೋದು ಅಂತ ಗೊತ್ತಾದ ದಿನ ಅಪ್ಪ ಫೋನ್ ಕಟ್ ಮಾಡಿದರು. ವಾರಗಟ್ಟಲೆ ಮಾತಿಲ್ಲ.

ಆಯುಧಪೂಜೆಗೆ ಊರಿಗೆ ಹೋದೆ. ಟ್ರ್ಯಾಕ್ಟರ್, ನನ್ನ ಬೈಕು, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ. ಕೋವಿ ಇಡುತ್ತಿದ್ದ ಜಾಗದಲ್ಲಿ ಅದನ್ನ ಒರೆಸುವ ಕೋಲು ಮಾತ್ರ ಇತ್ತು, ಚನ್ನಪಟ್ಟಣದ ಬೊಂಬೆ ಮಾಡುವವರ ಹತ್ತಿರ ತಾತ ಮಾಡಿಸಿದ್ದ ಕೆಂಪು ಹಳದಿ ಅರಗಿನ ಹಿಡಿಯದ್ದು. ಅಪ್ಪ ಅದಕ್ಕೇ ಹೂವಿಟ್ಟರು. ಆಗ ಅವರಿಗೆ ಮೇಷ್ಟ್ರು ಕೊನೆಗೆ ನನ್ನೊಬ್ಬನಿಗೇ ತೋರಿಸಿದ್ದನ್ನ ಹೇಳಿದೆ. ಬಲ ನಳಿಗೆಯ ಒಳಗೆಲ್ಲ ಸವೆತ, ಕಪ್ಪು ಗುಳಿ. ಎಡದ್ದು ಕನ್ನಡಿ ಹಾಗೆ ಹೊಳೀತಿತ್ತು. "ನಿಮ್ಮ ತಾತ ಎರಡನೇ ಏಟು ಹೊಡೆದದ್ದು ತುಂಬಾ ಕಮ್ಮಿ ಕಣಪ್ಪಾ" ಅಂದಿದ್ದರು ಮೇಷ್ಟ್ರು.

ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು, ಅರ್ಜಿ ಅವರ ಹೆಸರಿಗೇ ಹಾಕೋಣ, ಸಿಡಿಸಲ್ಲ, ಒಂದು ತೋಟಾನೂ ಕೊಳ್ಳಲ್ಲ ಅಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಅರ್ಜಿಯಲ್ಲಿ ಲೈಸೆನ್ಸ್ ಯಾತಕ್ಕೆ ಅನ್ನೋ ಕಡೆ ಅವರು ಬರೆದದ್ದು ಬೆಳೆ ರಕ್ಷಣೆ ಅಂತ. ಸಿಡಿಸಲ್ಲ ಅಂದಮೇಲೆ ಇದು ಸುಳ್ಳಲ್ವಾ ಅಂತ ಕೇಳಿದೆ. "ಹಂಗಾರೆ ಆನೆ ಬಂದ್ರೆ ಏನ್ ಮಾಡ್ಲಿ, ಅದನ್ನ ಹೇಳು" ಅಂದರು.

ಹೋದ ಶನಿವಾರ ರಾತ್ರಿ ಬಂದಿದ್ದವಂತೆ, ಮರಿ ಸೇರಿ ನಾಲ್ಕು. ಹದಿನೇಳು ತೆಂಗಿನ ಸಸಿ ಹೋಗಿವೆ. ಅಪ್ಪ ಪಟಾಕಿ ಹಚ್ಚಿ ಕೂತಿದ್ದರು. ಅರ್ಜಿ ಇನ್ನೂ ನನ್ನ ಬ್ಯಾಗಲ್ಲೇ ಇದೆ.