ಬಂಕಾಪುರದಲ್ಲಿ ಟೋಲ್ ಕಟ್ಟುವವರಿಗೆ

ಬೇಸಿಗೆ ರಜೆ ಬಂತೆಂದರೆ ಫೋನ್ ತುಂಬ ರೈನ್ ನದಿ. ದೋಣಿಯ ಮೇಲೆ ಅಪ್ಪ, ಅಮ್ಮ, ಜಾಕೆಟ್ ಹಾಕಿಕೊಂಡ ಎರಡು ಮಕ್ಕಳು, ಹಿಂದೆ ಗುಡ್ಡದ ತುದಿಯಲ್ಲೊಂದು ಕೋಟೆ. ಕೆಳಗೆ ಒಂದು ಸಾಲು: 'ನಮ್ಮವರೂ ಹೀಗೆ ಇತಿಹಾಸ ಉಳಿಸಿಕೊಂಡಿದ್ದರೆ!' ಅದನ್ನು ನೋಡಿದ ಇನ್ನೊಬ್ಬರಿಗೆ ಸಿಟ್ಟು: 'ನಮ್ಮ ಕೋಟೆಗಳ ಮುಂದೆ ಇವೆಲ್ಲ ಯಾವ ಲೆಕ್ಕ ಗುರೂ?'

ಜರ್ಮನಿಗೆ ಹೋಗಬೇಡಿ ಅಂತ ನಾನು ಹೇಳಲ್ಲ. ದುಡಿದಿದ್ದೀರಿ, ಹೋಗಿ ಬನ್ನಿ. ನನ್ನ ತಕರಾರು ಈ ಎರಡೂ ಮಾತಿನ ಬಗ್ಗೆ. ಮೊದಲನೆಯವರು ನಮ್ಮಲ್ಲಿ ಏನೂ ಇಲ್ಲ ಅಂತಾರೆ, ಎರಡನೆಯವರು ನಮ್ಮಲ್ಲಿ ಎಲ್ಲ ಇದೆ ಅಂತಾರೆ. ಹೋಗಿ ನೋಡಿದವರು ಇಬ್ಬರಲ್ಲಿ ಯಾರೂ ಇಲ್ಲ.

ಮೊದಲು ರೈನ್ ಕಡೆಯದನ್ನೇ ನೋಡೋಣ. ಬಿಂಗೆನ್‌ನಿಂದ ಕೊಬ್ಲೆಂಜ್‌ವರೆಗೆ ಸುಮಾರು 65 ಕಿಲೋಮೀಟರ್, ನಲವತ್ತರಷ್ಟು ಕೋಟೆಗಳು. 2002ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಈ ಕೋಟೆಗಳಲ್ಲಿ ಎಷ್ಟೋ ಯಾಕೆ ಕಟ್ಟಿದ್ದು ಗೊತ್ತೇ? ಟೋಲ್ ವಸೂಲಿಗೆ. ನದಿಯಲ್ಲಿ ಬರುವ ಹಡಗು ನಿಲ್ಲಿಸು, ದುಡ್ಡು ಕಕ್ಕಿಸು, ಮುಂದೆ ಬಿಡು. ನದಿಯ ನಡುವೆ ನಿಂತಿರುವ ಫಾಲ್ಜ್‌ಗ್ರಾಫೆನ್‌ಸ್ಟೈನ್ 14ನೇ ಶತಮಾನದಿಂದ 19ನೇ ಶತಮಾನದವರೆಗೂ ಇದೇ ಕೆಲಸ ಮಾಡಿತು.

ಇನ್ನು 'ಉಳಿಸಿಕೊಂಡ' ಕಥೆ. ರೈನ್‌ಫೆಲ್ಸ್ ಕೋಟೆಯನ್ನು 1797ರಲ್ಲಿ ಫ್ರೆಂಚರು ಸ್ಫೋಟಿಸಿದರು. ಸ್ಟಾಲೆಕ್ 1689ರಲ್ಲೇ ಹಾಳಾಯಿತು. ನೀವು ಫೋಟೋ ತೆಗೆದ ರೈನ್‌ಸ್ಟೈನ್, ಸ್ಟೋಲ್ಜೆನ್‌ಫೆಲ್ಸ್ ಎರಡೂ 19ನೇ ಶತಮಾನದಲ್ಲಿ ಪ್ರಷ್ಯಾದ ರಾಜಮನೆತನದವರು ತಮಗೆ ಚೆಂದ ಕಂಡಂತೆ ಮತ್ತೆ ಕಟ್ಟಿಸಿಕೊಂಡವು. ಆ ಕಣಿವೆಯ ಗುಡ್ಡದ ಕೋಟೆಗಳಲ್ಲಿ ಒಮ್ಮೆಯೂ ನಾಶವಾಗದೆ ಉಳಿದದ್ದು ಮಾರ್ಕ್ಸ್‌ಬುರ್ಗ್ ಒಂದೇ. ಅಂದರೆ ಅವರದೂ ಒಡೆದ ಮಡಕೆಯೇ ಸ್ವಾಮಿ. ಅವರು ಆಮೇಲೆ ಏನು ಮಾಡಿದರು ಅನ್ನೋದೇ ವಿಷಯ.

ಈಗ ನಮ್ಮ ಟೋಲಿಗೆ ಬನ್ನಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗ ಹಾವೇರಿ ದಾಟಿದ ಮೇಲೆ ಶಿಗ್ಗಾಂವಿಗಿಂತ ಮೊದಲು ಬಂಕಾಪುರ ಟೋಲ್ ಸಿಗುತ್ತದೆ. ಫಾಸ್ಟ್ಯಾಗ್ ಕಟ್ಟಾಯಿತು, ಗೇಟು ಎದ್ದಿತು, ಕಾರು ಮತ್ತೆ ನೂರಕ್ಕೆ. ಹೆದ್ದಾರಿಯಿಂದ ಕೆಲವೇ ಕಿಲೋಮೀಟರ್ ಒಳಗೆ ಬಂಕಾಪುರದ ಕೋಟೆ ಇದೆ. ಅಮೋಘವರ್ಷ ನೃಪತುಂಗನ ಸೇನಾನಿ ಬಂಕೆಯನ ಹೆಸರಿನ ಊರು ಅದು. ಗಂಗ ದೊರೆ ಮಾರಸಿಂಹ 974ರ ಸುಮಾರಿಗೆ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಇಲ್ಲಿ. ಬೇಲೂರಿಗೆ ಹೋದಾಗಲೆಲ್ಲ ನಾವು ಹೊಗಳುವ ವಿಷ್ಣುವರ್ಧನ ಕೊನೆಯುಸಿರೆಳೆದದ್ದೂ ಇಲ್ಲೇ. ಕೋಟೆಯೊಳಗೆ ನಗರೇಶ್ವರ ದೇವಸ್ಥಾನ, ಜನರ ಬಾಯಲ್ಲಿ ಅರವತ್ತು ಕಂಬದ ಗುಡಿ. ಸುತ್ತಲೂ ನವಿಲುಗಳ ರಕ್ಷಿತಧಾಮ, ಖಿಲಾರಿ ದನಗಳ ತಳಿ ಕೇಂದ್ರ. ಸಂಜೆ ಹೋದರೆ ನವಿಲುಗಳ ಕೂಗು ಕೇಳುತ್ತ ಚಾಲುಕ್ಯರ ಕಾಲದ ಕಂಬಗಳ ನಡುವೆ ಕೂರಬಹುದು. ರೈನ್ ದಂಡೆಯಲ್ಲಿ ಇದು ಸಿಗಲ್ಲ.

ಬಂಕಾಪುರ ಒಂದೇ ಅಲ್ಲ. ರೈನ್‌ನಂತೆ ಇಲ್ಲೂ ಒಂದು ನದಿ ಇದೆ, ವರದೆ. ಸಾಗರದ ಬಳಿ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್, ಶಿಗ್ಗಾಂವಿ, ಸವಣೂರು ಸೀಮೆ ಹಾದು ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಹಾನಗಲ್ ಇರುವುದು ಅದರ ಉಪನದಿ ಧರ್ಮೆಯ ದಂಡೆಯಲ್ಲಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ಕಡೆಯವರು ಎದುರು ನಿಂತ ಊರು. ತಾರಕೇಶ್ವರ ಗುಡಿಯ ಒಳಛಾವಣಿಯ ಕಲ್ಲಿನ ತಾವರೆ ನೋಡಲು ಕತ್ತೆತ್ತಿದರೆ ಇಳಿಸಲು ಮನಸ್ಸಾಗಲ್ಲ. ಸವಣೂರಿನ ನವಾಬನ ಮೇಲೆ 1756ರಲ್ಲಿ ಪೇಶ್ವೆಯ ಸೈನ್ಯ, ನಿಜಾಮನ ಸೈನ್ಯ, ಜೊತೆಗೆ ಬುಸ್ಸಿಯ ಫ್ರೆಂಚ್ ಪಡೆ ಒಟ್ಟಿಗೆ ಬಂದವು. ಅದೇ ಊರಲ್ಲಿ ದೊಡ್ಡಹುಣಸೆ ಎಂದು ಕರೆಯುವ, ಆಫ್ರಿಕಾ ಮೂಲದ ಬಾವೋಬಾಬ್ ಮರಗಳಿವೆ. ತೆಕ್ಕೆಗೆ ಸಿಗಬೇಕಾದರೆ ನಿಮ್ಮಿಡೀ ಟೀಮು ಕೈ ಕೈ ಹಿಡಿಯಬೇಕು. ಹಿರೇಕೆರೂರಿನ ಕಡೆಗೆ ಹೋದರೆ ನದಿ ಬದಲಾಗಿ ಕುಮುದ್ವತಿ ಸಿಗುತ್ತದೆ. ಮೊದಲು ಅದೇ ತಾಲ್ಲೂಕಿನಲ್ಲಿದ್ದ ರಟ್ಟೀಹಳ್ಳಿಯಲ್ಲಿ ಕದಂಬೇಶ್ವರ ಗುಡಿ ಇದೆ. 1764ರಲ್ಲಿ ಹೈದರಾಲಿ ಪೇಶ್ವೆ ಮಾಧವರಾಯನಿಂದ ಪೆಟ್ಟು ತಿಂದದ್ದು ಇದೇ ರಟ್ಟೀಹಳ್ಳಿಯ ಬಳಿ.

ಹಾಗಾದರೆ ಕೊರತೆ ಎಲ್ಲಿದೆ? ರೈನ್‌ನವರು ಮಾರುವುದು ಒಂದು ಕೋಟೆಯನ್ನಲ್ಲ, ಒಂದು ದಾರಿಯನ್ನು. ಈ ದಂಡೆಯಲ್ಲಿ ರೈಲು, ಆ ದಂಡೆಯಲ್ಲಿ ರೈಲು, ನಡುವೆ ದೋಣಿ, ಎಲ್ಲಕ್ಕೂ ವೇಳಾಪಟ್ಟಿ. ಎಲ್ಲಿ ಇಳಿಯಬೇಕು, ಎಲ್ಲಿ ಊಟ, ಮುಂದಿನ ದೋಣಿ ಎಷ್ಟಕ್ಕೆ, ಎಲ್ಲ ಮೊದಲೇ ಗೊತ್ತು. ಹಾಳಾಗಿದ್ದ ಸ್ಟಾಲೆಕ್ ಕೋಟೆಯನ್ನು ಯೂತ್ ಹಾಸ್ಟೆಲ್ ಮಾಡಿದರು, ಶಾಲೆಯ ಮಕ್ಕಳು ಅಲ್ಲೇ ಮಲಗಿ ಏಳುತ್ತಾರೆ. ನಮ್ಮಲ್ಲಿ ಹಾನಗಲ್ಲಿನವರಿಗೆ ಬಂಕಾಪುರದ ವಿಷಯ ಹೇಳುವ ಒಂದು ಬೋರ್ಡಿಲ್ಲ, ಬಂಕಾಪುರಕ್ಕೆ ಬಂದವರಿಗೆ ಸವಣೂರಿಗೆ ಹೋಗಿ ಅನ್ನುವವರಿಲ್ಲ. ಒಂದೊಂದಕ್ಕೂ ಗಂಟೆಯೊಳಗಿನ ದಾರಿ, ಆದರೆ ಮಣಿಗಳಿಗೆ ದಾರ ಪೋಣಿಸಿಲ್ಲ.

'ಅದೇ ನಾನೂ ಹೇಳಿದ್ದು, ಸರ್ಕಾರ ಮಾಡಬೇಕು' ಅನ್ನುತ್ತೀರಿ. ಮಾಡಬೇಕು, ಖಂಡಿತ. ಶೌಚಾಲಯ ಇಲ್ಲದ ಕಡೆ ಅಜ್ಜಿಯನ್ನೂ ಸಣ್ಣ ಮಕ್ಕಳನ್ನೂ ಕರೆದುಕೊಂಡು ಹೋಗಿ ಅಂತ ದೇಶಾಭಿಮಾನದ ಪಾಠ ಹೇಳುವವರನ್ನು ಕಂಡರೆ ನನಗೂ ಆಗಲ್ಲ. ಆದರೆ ಸರ್ಕಾರ ಯಾರನ್ನು ನೋಡಿ ಮಾಡಬೇಕು? ಯಾರೂ ಬರದ ಜಾಗಕ್ಕೆ ಶೌಚಾಲಯ ಕೇಳುವವರೇ ಇರಲ್ಲ. ಬರುವವರಿದ್ದರೆ ತಾನೇ ಚಹಾದಂಗಡಿ, ಆಮೇಲೆ ಲಾಡ್ಜು, ಆಮೇಲೆ ಬೋರ್ಡು?

ಮಾರ್ಕ್ಸ್‌ಬುರ್ಗ್ ಕಥೆ ಕೇಳಿ. 1899ರಲ್ಲಿ ಬೋಡೊ ಎಬ್‌ಹಾರ್ಟ್ ಎಂಬ ವಾಸ್ತುಶಿಲ್ಪಿ ಒಂದಷ್ಟು ಜನರನ್ನು ಕೂಡಿಸಿ ಕೋಟೆಗಳಿಗಾಗಿ ಸಂಘ ಕಟ್ಟಿದ. ಮರುವರ್ಷವೇ ಆ ಸಂಘ ಕೋಟೆಯನ್ನು ಕೊಂಡುಕೊಂಡಿತು, ಇವತ್ತಿಗೂ ನಡೆಸುತ್ತಿದೆ. ಆಗ ಅವನ ವಯಸ್ಸು 34. ನಿಮ್ಮ ಮ್ಯಾನೇಜರ್ ವಯಸ್ಸು. ಕೋಟೆ ಕೊಂಡುಕೊಳ್ಳಿ ಅಂತಿಲ್ಲ, ಅದು ಕಾನೂನಿನಲ್ಲೂ ಇಲ್ಲ. ಆದರೆ ಮ್ಯಾಪ್ ಮಾಡುವವರು, ಆ್ಯಪ್ ಬರೆಯುವವರು, ಡಿಸೈನ್ ಮಾಡುವವರು, ಪಾಡ್‌ಕಾಸ್ಟ್ ಮಾಡುವವರು ನೀವೇ ತಾನೇ? ಬಿರಿಯಾನಿ ಹೋಟೆಲಿಗೆ ನಾಲ್ಕು ಪ್ಯಾರಾ ವಿಮರ್ಶೆ ಬರೆಯುವ ಕೈ ತಾರಕೇಶ್ವರಕ್ಕೆ ಎರಡು ಸಾಲು ಬರೆದರೆ ಸವೆಯುತ್ತದೆಯೇ? ಶೌಚಾಲಯ ಇರಲಿಲ್ಲ ಅಂತಲೇ ಬರೆಯಿರಿ, ಜಿಲ್ಲಾಡಳಿತಕ್ಕೂ ಕಳಿಸಿ. ಹೋಗಿ ಬಂದವರ ದೂರಿಗೆ ಇರುವ ತೂಕ ಹೋಗದವರ ಹಳಹಳಿಕೆಗೆ ಇರಲ್ಲ.

ಒಂದೇ ಒಂದು ಎಚ್ಚರಿಕೆ. ದಯವಿಟ್ಟು 'ಡೆವಲಪ್' ಮಾಡಿಸಬೇಡಿ. ಹಳೆ ಕಲ್ಲಿಗೆ ಬಣ್ಣ, ಕೋಟೆ ಬಾಗಿಲಿಗೆ ಸೆಲ್ಫಿ ಪಾಯಿಂಟು ಬೇಡ. ಕನಕದಾಸರ ಬಾಡದಲ್ಲಿ ಹೊಸದಾಗಿ ಅರಮನೆ ಕಟ್ಟಿದ್ದಾರೆ, ಮಕ್ಕಳಿಗೆ ಕಥೆ ಹೇಳಲು ಅದೂ ಒಂದು ದಾರಿ, ಇರಲಿ. ಆದರೆ ಹೊಸದನ್ನು ಹೊಸದು ಅಂತ, ಹಳೆಯದನ್ನು ಹಳೆಯದು ಅಂತ ಹೇಳುವ ಬೋರ್ಡು ಎರಡೂ ಕಡೆ ಬೇಕು.

ಇದರಲ್ಲಿ ಕಳೆದುಕೊಳ್ಳುವವರು ನಾವಲ್ಲ. ನಮಗೆ ವಾರಾಂತ್ಯಕ್ಕೆ ಕೂರ್ಗ್ ಇದೆ. ಕಳೆದುಕೊಳ್ಳುವುದು ಹಾನಗಲ್ಲಿನಲ್ಲಿ, ಸವಣೂರಿನಲ್ಲಿ ಈಗ ಶಾಲೆಗೆ ಹೋಗುತ್ತಿರುವ ಹುಡುಗ, ಹುಡುಗಿ. ತಮ್ಮೂರನ್ನು ನೋಡಲು ಯಾರೂ ಬಾರದಿದ್ದರೆ, ಊರೆಂದರೆ ಪಿಯುಸಿ ಮುಗಿಸಿ ಬಿಟ್ಟು ಹೋಗುವ ಬಸ್‌ಸ್ಟ್ಯಾಂಡ್ ಅಂತಲೇ ಅವರು ಕಲಿಯುತ್ತಾರೆ. ಕೋಟೆ ತೋರಿಸಿ, ಕಥೆ ಹೇಳಿ, ಸಂಜೆಗೆ ನಾಲ್ಕು ಕಾಸು ದುಡಿಯಬಹುದಾದ ಹುಡುಗ ಬೆಂಗಳೂರಿಗೆ ಬಂದು ನಿಮ್ಮ ಮನೆ ಬಾಗಿಲಿಗೆ ಊಟದ ಪಾರ್ಸೆಲ್ ತಂದುಕೊಡುತ್ತಾನೆ.

ಶನಿವಾರ ಬೆಳಿಗ್ಗೆ ಬನವಾಸಿ, ಮಧ್ಯಾಹ್ನ ಹಾನಗಲ್, ಸಂಜೆ ಬಂಕಾಪುರದ ನವಿಲು. ರಾತ್ರಿ ಹಾವೇರಿಯಲ್ಲೋ ಹುಬ್ಬಳ್ಳಿಯಲ್ಲೋ ಮಲಗಿ. ಭಾನುವಾರ ಸವಣೂರು, ಗಳಗನಾಥದ ಸಂಗಮ. ಬರುವಾಗ ಸವಣೂರ ಖಾರಾ ಕಟ್ಟಿಸಿಕೊಳ್ಳಿ. ವೀಸಾ ಬೇಡ. ಟೋಲ್ ಹೇಗೂ ಕಟ್ಟುತ್ತೀರಿ.