ಮುಳ್ಳಿನ ಗಿಡ ಮನೇಲಿ ಇರಬಾರದಂತೆ!

(1/4)
ಫೋಟೋದಲ್ಲಿ ಇರೋದು ನಮ್ಮ ತಾರಸಿ ಮೇಲಿನ ಎಲಚಿ ಗಿಡ. ಉತ್ತರ ಕರ್ನಾಟಕದವರು ಬಾರಿ, ಬೋರೆ ಅಂತೀರಲ್ಲ, ಅದೇ. ನಾಲ್ಕು ವರ್ಷದಿಂದ ಕುಂಡದಲ್ಲಿದೆ. ಈ ತಿಂಗಳ ಕೊನೆಯೊಳಗೆ ಇದನ್ನ ತೆಗೀಬೇಕು ಅಂತ ಓನರ್ ಆಂಟಿ ಹೇಳಿ ಹೋಗಿದ್ದಾರೆ. ಕಾರಣ ಕೇಳಿದ್ರೆ, "ಮುಳ್ಳಿನ ಗಿಡ ಮನೇಲಿದ್ರೆ ಏಳಿಗೆ ಆಗಲ್ಲಮ್ಮ, ವಾಸ್ತು ನೋಡೋರು ಹೇಳಿದ್ರು."

ಸರಿ, ಮುಳ್ಳಿನ ಲೆಕ್ಕವೇ ಹಾಕೋಣ. ಆಂಟಿ ಮನೆ ಮುಂದೆ ಮೂರು ಗುಲಾಬಿ ಗಿಡ ಇವೆ. ಹಿತ್ತಲಲ್ಲಿ ನಿಂಬೆ ಇದೆ. ಅವರು ಪ್ರತಿ ಸೋಮವಾರ ಕೊಂಡು ತರೋ ಬಿಲ್ವಪತ್ರೆಯ ಮರದಲ್ಲೂ ಮುಳ್ಳಿದೆ. ಏಳಿಗೆ ನಿಲ್ಲಿಸಿದ್ದು ನನ್ನ ಎಲಚಿ ಮಾತ್ರವಾ?

ಇನ್ನೊಂದು ವಿಷಯ. ಗಣೇಶನ ಪೂಜೆಯ ಇಪ್ಪತ್ತೊಂದು ಪತ್ರೆಗಳಲ್ಲಿ ಬದರೀ ಪತ್ರೆ ಅಂತ ಒಂದಿದೆ. ಬದರಿ ಅಂದ್ರೆ ಎಲಚಿ. ಹೋದ ವರ್ಷ ಹಬ್ಬದ ಬೆಳಗ್ಗೆ ಆ ಎಲೆ ಬೇಕು ಅಂತ ನಮ್ಮ ಬಾಗಿಲು ತಟ್ಟಿದ್ದು ಯಾರು? ಹೆಸರು ಹೇಳಲ್ಲ. (ಅವರ ಮಗಳು ನನ್ನನ್ನ ಫಾಲೋ ಮಾಡ್ತಾಳೆ, ಗೊತ್ತು.) ಸಂಕ್ರಾಂತಿಗೆ ಮಕ್ಕಳ ದೃಷ್ಟಿ ಹೋಗಲಿ ಅಂತ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲೆ ಸುರೀತೀವಿ. ಹಣ್ಣು ಶುಭ, ಎಲೆ ಪವಿತ್ರ, ಗಿಡ ಮಾತ್ರ ಅಪಶಕುನ. ಇದು ಯಾವ ಲೆಕ್ಕ ಸ್ವಾಮಿ? ಬ್ಯಾಲೆನ್ಸ್ ಶೀಟ್ ಹೀಗೆ ಬರೆದ್ರೆ ನಮ್ಮ ಸರ್ ಪೇಪರ್ ಮುಖಕ್ಕೆ ಎಸೀತಾರೆ.

(2/4)
ಈಗ ನ್ಯಾಯ ಹೇಳಬೇಕು. ಆಂಟಿದು ಎರಡು ದೂರು ನಿಜ. ಒಂದು, ಕುಂಡದ ಕೆಳಗೆ ನೀರು ನಿಂತು ತಾರಸಿ ಪಾಚಿ ಕಟ್ಟಿತ್ತು. ಎರಡು, ಒಣಗಿದ ಬಟ್ಟೆ ತರುವಾಗ ಅವರ ಸೀರೆ ಸೆರಗು ಮುಳ್ಳಿಗೆ ಸಿಕ್ಕಿ ಹರೀತು. ಎಲಚಿ ಮುಳ್ಳು ಜೋಡಿಯಾಗಿ ಇರುತ್ತೆ, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ ಥರ ಬಾಗಿದ್ದು. ನೆಟ್ಟಗಿನದು ಚುಚ್ಚುತ್ತೆ, ಕೊಕ್ಕೆ ಬಿಡಲ್ಲ. ಅದಕ್ಕೇ ಕುಂಡವನ್ನ ಇಟ್ಟಿಗೆ ಮೇಲೆ ಎತ್ತಿಟ್ಟು, ತಂತಿಯಿಂದ ದೂರದ ಮೂಲೆಗೆ ಸರಿಸಿ, ದಾರಿಗೆ ಚಾಚಿದ ಕೊಂಬೆ ಕತ್ತರಿಸಿದೆ. ಈ ದೂರುಗಳಿಗೆ ಪರಿಹಾರ ಇತ್ತು, ಮಾಡಿದೆ. ವಾಸ್ತು ದೂರಿಗೆ ಏನು ಮಾಡ್ಲಿ, ಹೇಳಿ?

"ಪಾರ್ಕಲ್ಲಿ ನೆಟ್ಟು ಬಾ" ಅಂತಾರೆ. ಎಲಚಿಯ ತಾಯಿಬೇರು ಆಳಕ್ಕೆ ಇಳಿಯುವಂಥದ್ದು. ಸರಿಸುವಾಗ ನೋಡಿದೆ, ಕುಂಡದ ತೂತಿನಿಂದ ಹೆಬ್ಬೆರಳು ದಪ್ಪ ಹೊರಗೆ ಬಂದಿದೆ. ಅದು ಕಡಿದ್ರೆ ಈ ವಯಸ್ಸಿನ ಗಿಡ ಹೊಸ ಜಾಗದಲ್ಲಿ ಚೇತರಿಸಿಕೊಳ್ಳೋದು ಕಷ್ಟ.

(3/4)
ಈ ಭಾಗ ರೀಲ್ಸ್ ತಜ್ಞರಿಗೆ. "ಪ್ರತಿದಿನ ನೀರು ಹಾಕಿ, ಪ್ರೀತಿಯಿಂದ ಮಾತಾಡಿ" ಅನ್ನೋರಿಗೆ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಈ ಗಿಡದ ಎಲೆ ಎಲ್ಲಾ ಉದುರಿ ಬರೀ ಕಡ್ಡಿ ಉಳೀತು. ನಾನು ಗಾಬರಿ ಬಿದ್ದು ನಿಮ್ಮ ವಿಡಿಯೋ ನೋಡಿ ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಸುರಿದೆ. ಹತ್ತು ದಿನಕ್ಕೆ ಮಣ್ಣು ಕೊಳೆತ ವಾಸನೆ. ಅಮ್ಮ ಬಂದು ಮಣ್ಣಿಗೆ ಬೆರಳು ಇಟ್ಟು, "ಇದು ಬಯಲುಸೀಮೆ ಗಿಡ ಕಣೇ, ಇದನ್ನ ಮುಳುಗಿಸಿ ಕೊಲ್ತಿದ್ದೀಯ" ಅಂದ್ರು.

ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಿರೋದು ಎಲಚಿಯ ಸ್ವಭಾವ. ಅದು ರೋಗ ಅಲ್ಲ, ವಿಶ್ರಾಂತಿ. ಕೊಂಬೆ ಕತ್ತರಿಸೋಕೂ ಅದೇ ಸಮಯ, ಯಾಕಂದ್ರೆ ಹೂ ಬಿಡೋದು ಆ ವರ್ಷದ ಹೊಸ ಚಿಗುರಿನಲ್ಲಿ. ಆವಾಗ ಕತ್ತರಿಸಿದ್ರೆ ಮಳೆಗೆ ಚಿಗುರು ನುಗ್ಗಿ ಬರುತ್ತೆ. ಮಣ್ಣು ಎರಡು ಇಂಚು ಒಣಗಿದ ಮೇಲೆ ನೀರು, ದಿನಪೂರ್ತಿ ಬಿಸಿಲು, ಕೆಂಪು ಮಣ್ಣಿಗೆ ಮರಳು ಮತ್ತು ಕೊಟ್ಟಿಗೆ ಗೊಬ್ಬರ. ಇಷ್ಟೇ. ಬಿದ್ದ ಹುಳುಕು ಹಣ್ಣು ಮಾತ್ರ ಆರಿಸಿ ಬಿಸಾಕಿ, ಹಣ್ಣಿನ ನೊಣದ ಹುಳ ಮಣ್ಣಿಗೆ ಇಳಿದು ಅಲ್ಲೇ ಗೂಡು ಕಟ್ಟುತ್ತೆ.

ದಿನಾ ಏನಾದ್ರೂ ಮಾಡ್ತಾ ಇರೋದೇ ಆರೈಕೆ ಅಂತ ಹೇಳಿಕೊಟ್ಟು ಎಷ್ಟು ಗಿಡ ಕೊಂದಿದ್ದೀರೋ! ಸುಮ್ಮನೆ ಬಿಡೋದನ್ನ ವಿಡಿಯೋ ಮಾಡಿದ್ರೆ ಲೈಕ್ ಬರಲ್ಲ, ಒಪ್ತೀನಿ.

(4/4)
ನರ್ಸರಿಯವನು ಕೊನೇ ಉಪಾಯ ಹೇಳಿದ: "ಇದನ್ನ ಬಿಸಾಕಿ ಮೇಡಂ, ಆ್ಯಪಲ್ ಬೋರೆ ಕೊಡ್ತೀನಿ. ಮುಳ್ಳೂ ಅಷ್ಟಿಲ್ಲ, ಹಣ್ಣೂ ದಪ್ಪ."

ಸೆಮಿಸ್ಟರ್‌ನಲ್ಲಿ ಓದಿದ್ದು ನೆನಪಾಯ್ತು. ವರ್ಷ ವರ್ಷ ಫಸಲು ಕೊಡೋ ಗಿಡವನ್ನ ಇಂಡ್ ಎಎಸ್ 16 ಪ್ರಕಾರ ಯಂತ್ರದ ಸಾಲಿನಲ್ಲೇ ತೋರಿಸ್ತಾರೆ. ಸವಕಳಿ ಹಾಕಿ, ಹಳೇದಾದ್ರೆ ತೆಗೆದು ಹೊಸದು ತನ್ನಿ. ತೋಟದ ಕಂಪನಿಗೆ ಸರಿ. ನನಗೆ ಆ ಲೆಕ್ಕ ಹೊಂದಲ್ಲ.

ಯಾಕಂದ್ರೆ ಇದರ ಬೀಜ ಮಧುಗಿರಿ ಕಡೆ ನಮ್ಮ ಅಜ್ಜಿ ಹೊಲದ ಬದುವಿನ ಮರದ್ದು. ಗಟ್ಟಿ ಓಟೆಯನ್ನ ಒಳಗಿನ ಬೀಜಕ್ಕೆ ಪೆಟ್ಟಾಗದ ಹಾಗೆ ಒಳಕಲ್ಲಿನ ಅಂಚಿಗೆ ಇಟ್ಟು ಒಡೆದು ಕೊಟ್ಟಿದ್ದು ಅಜ್ಜಿಯೇ. ಹೊಲ ಮಾರಿದ್ರು, ಲೇಔಟ್ ಆಯ್ತು, ಜೆಸಿಬಿ ಬಂದ ದಿನ ಆ ಮರ ಹೋಯ್ತು. ಅದೇ ವರ್ಷ ಅಜ್ಜಿನೂ. ಹೋದ ಜನವರಿಯಲ್ಲಿ ಈ ಕುಂಡದಲ್ಲಿ ಹನ್ನೊಂದು ಹಣ್ಣು ಬಿಟ್ಟವು. ಸಣ್ಣವು, ಒಗರು. ಅಮ್ಮ ಒಂದು ಬಾಯಿಗೆ ಹಾಕ್ಕೊಂಡು ಏನೂ ಮಾತಾಡದೆ ಕೆಳಗೆ ಇಳಿದು ಹೋದ್ರು.

ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗೀತಾ ಬಂದಿದೆ. ಬಾಡಿಗೆ ಮನೆಯವರಿಗೆ ಅಭಿಪ್ರಾಯ ಇರಬಾರದು ಅನ್ನೋದೂ ವಾಸ್ತುವಿನಲ್ಲೇ ಬರುತ್ತೋ ಏನೋ. ನಾಳೆ ಬೆಳಗ್ಗೆ ಆಂಟಿ ಮೇಲೆ ಬರ್ತಾರಂತೆ. "ನಾನು ಮಾತಾಡ್ತೀನಿ, ನೀನು ಬಾಯಿ ಬಿಡಬೇಡ" ಅಂತ ಅಮ್ಮ ಹೇಳಿದ್ದಾರೆ. ಅದಕ್ಕೇ ಎಲ್ಲಾ ಇಲ್ಲೇ ಬರೆದುಬಿಟ್ಟೆ.