ಕರಾರಿನ ಎರಡನೆಯ ಪ್ರತಿ

ಇಳಕಲ್ಲಿನ ಸೀರೆ ವ್ಯಾಪಾರವಿರಲಿ, ಗುಳೇದಗುಡ್ಡದ ಖಣದ ವ್ಯಾಪಾರವಿರಲಿ, ಬಾಗಲಕೋಟೆಯ ಅಡತಿ ಅಂಗಡಿಯಿರಲಿ, ಬಾದಾಮಿಯ ಖಾನಾವಳಿಯಿರಲಿ, ಎಲ್ಲಿ ಕೇಳಿದರೂ ವ್ಯವಹಾರ ನಿಂತಿರುವುದು ನಂಬಿಕೆಯ ಮೇಲೆ ಎನ್ನುತ್ತಾರೆ. ‘ನಮ್ಮ ನಿಮ್ಮ ನಡುವೆ ಕಾಗದ ಯಾಕ್ರೀ’ ಎಂಬ ಮಾತಿನಲ್ಲಿ ಸಲುಗೆಯಿದೆ, ಅಭಿಮಾನವೂ ಇದೆ. ಬರೆದುಕೊಡಿ ಎಂದು ಕೇಳಿದವನು ಎದುರಿಗಿದ್ದವನನ್ನು ಅನುಮಾನಿಸಿದಂತೆ ಎಂಬ ಭಾವನೆ ಸಣ್ಣ ವ್ಯಾಪಾರಿಗಳಲ್ಲಿ ಬೇರೂರಿದೆ. ಆ ಭಾವನೆ ಎಷ್ಟು ಸರಿ ಎಂದು ಕೇಳಿಕೊಳ್ಳುವ ಕಾಲ ಬಂದಿದೆ. ಬಾಯಿಮಾತಿನ ವ್ಯವಹಾರ ಎಂದು ನಾವು ಕರೆಯುವುದರಲ್ಲೂ ಬರಹ ಇದ್ದೇ ಇದೆ. ಆದರೆ ಅದು ಒಬ್ಬರ ಕೈಯಲ್ಲಿ ಮಾತ್ರ ಇದೆ.

ಇಳಕಲ್ಲಿನ ನೇಕಾರರ ಮನೆಯನ್ನೇ ನೋಡಿ. ಎಷ್ಟೋ ಮನೆಗಳಲ್ಲಿ ಮಗ್ಗ ನೇಕಾರನದು, ನೂಲು ಸಾವಕಾರನದು. ನೂಲು ತಂದು, ನೇಯ್ದು, ಸೀರೆ ಒಪ್ಪಿಸಿ ಮಜೂರಿ ಪಡೆಯುವುದು ಪದ್ಧತಿ. ಮದುವೆಗೋ ಆಸ್ಪತ್ರೆಗೋ ಪಡೆದ ಮುಂಗಡ, ಕೊಟ್ಟ ನೂಲಿನ ತೂಕ, ಬಂದ ಸೀರೆ, ನೇಯ್ಗೆ ಕೆಟ್ಟಿದ್ದಕ್ಕೆ ಮುರಿದುಕೊಂಡ ಹಣ, ಎಲ್ಲವೂ ಸಾವಕಾರನ ಖಾತೆ ಪುಸ್ತಕದಲ್ಲಿ ತಾರೀಕಿನ ಸಮೇತ ಇರುತ್ತವೆ. ನೇಕಾರನ ಬಳಿ ಇರುವುದು ನೆನಪು. ಲೆಕ್ಕಕ್ಕೆ ಕುಳಿತಾಗ ಪುಸ್ತಕಕ್ಕೂ ನೆನಪಿಗೂ ತಾಳೆಯಾಗದಿದ್ದರೆ ಗೆಲ್ಲುವುದು ಪುಸ್ತಕ. ಸಾವಕಾರ ಮೋಸಗಾರನಾಗಿರಬೇಕೆಂದೇನೂ ಇಲ್ಲ. ದೂರದ ಊರಿನ ದೊಡ್ಡ ಅಂಗಡಿಗೆ ಉದ್ರಿ ಸರಕು ಕಳಿಸಿದ ದಿನ ಅವನದೂ ಇದೇ ಪಾಡು. ಬಾಕಿ ಯಾವಾಗ ಬರುತ್ತದೆಂಬುದು ಅಂಗಡಿಯವರ ಮರ್ಜಿ. ಹೀಗೆ ಪ್ರತಿ ಮೆಟ್ಟಿಲಲ್ಲೂ ಮೇಲಿದ್ದವರ ಬಳಿ ದಾಖಲೆ, ಕೆಳಗಿದ್ದವರ ಬಳಿ ನಂಬಿಕೆ.

ಬಾಯಿಮಾತಿನ ಕರಾರನ್ನು ಕಾನೂನು ತಳ್ಳಿಹಾಕುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಕರಾರು ಮಾಡಿಕೊಳ್ಳಲು ಅರ್ಹರಾದವರು ಸ್ವಇಚ್ಛೆಯಿಂದ, ಕಾನೂನುಬದ್ಧ ಪ್ರತಿಫಲಕ್ಕೆ, ಕಾನೂನುಬದ್ಧ ಉದ್ದೇಶಕ್ಕೆ ಒಪ್ಪಿಕೊಂಡರೆ ಅದು ಕರಾರೇ. ಬರಹದಲ್ಲೇ ಇರಬೇಕೆಂದು ಬೇರೆ ಕಾನೂನು ಹೇಳಿದ ಕಡೆ ಮಾತ್ರ ಬರಹ ಕಡ್ಡಾಯ. ಬಾಯಿಮಾತಿನಲ್ಲಿ ತೊಡಕಿರುವುದು ಸಾಬೀತು ಮಾಡುವಲ್ಲಿ. ಮಾರಿದ ಸರಕಿನ ಬಾಕಿಗೆ ದಾವೆ ಹೂಡಲು ಇರುವ ಅವಧಿ ಸಾಮಾನ್ಯವಾಗಿ ಮೂರು ವರ್ಷ. ‘ಈ ಹಬ್ಬ ಮುಗೀಲಿ, ಕೊಡ್ತೀನಿ’ ಎಂಬ ಮಾತನ್ನು ನಂಬಿ ಆ ಮೂರು ವರ್ಷ ಕಳೆದರೆ, ಹಕ್ಕು ಇದ್ದೂ ವಸೂಲಿಯ ದಾರಿ ಮುಚ್ಚುತ್ತದೆ. ಅವಧಿ ಮುಗಿಯುವುದರೊಳಗೆ ‘ಇಷ್ಟು ಬಾಕಿ ಇದೆ’ ಎಂದು ಸಾಲಗಾರ ಬರೆದು ಸಹಿ ಮಾಡಿಕೊಟ್ಟರೆ, 1963ರ ಕಾಲಮಿತಿ ಕಾಯ್ದೆಯಂತೆ ಅಲ್ಲಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಒಂದು ಸಾಲಿನ ಚೀಟಿಗೆ ಅಷ್ಟು ಬಲವಿದೆ.

ಬರೆದಿಡುವುದು ಪರಊರಿನವರ ರೂಢಿ, ನಮ್ಮದಲ್ಲ ಎನ್ನುವವರು ಬಾದಾಮಿಯ ಮೂರನೆಯ ಗುಹಾಲಯಕ್ಕೆ ಹೋಗಿ ಬರಬೇಕು. ಆರನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮಂಗಲೇಶ ಅಲ್ಲಿ ಕೆತ್ತಿಸಿದ ಕನ್ನಡ ಶಾಸನ ಚಿಕ್ಕದು. ಕೊಟ್ಟವರು ಯಾರು, ಕೊಟ್ಟ ಊರು ಯಾವುದು, ಯಾವ ದೇವಾಲಯಕ್ಕೆ, ಹೂ ಕಟ್ಟುವ ಮಾಲೆಗಾರರ ಪಾಲೆಷ್ಟು, ಇದನ್ನು ಕೆಡಿಸಿದವನಿಗೆ ಏನು ಗತಿ, ಎಲ್ಲವೂ ಕೆಲವೇ ಸಾಲುಗಳಲ್ಲಿವೆ. ಅದು ದತ್ತಿ, ವ್ಯಾಪಾರದ ಕರಾರಲ್ಲ ನಿಜ. ಆದರೂ ಹೂ ಕಟ್ಟುವವನ ಪಾಲನ್ನು ದೊರೆಯ ಮಾತಿಗೆ ಬಿಡದೆ ಎಲ್ಲರಿಗೂ ಕಾಣುವಂತೆ ಕಲ್ಲಿಗೆ ಹಾಕಿದ್ದು ಸಣ್ಣ ಸಂಗತಿಯಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯ ಹೆಸರು ಹೊತ್ತ ‘ಐನೂರ್ವರು’ ವರ್ತಕ ಸಂಘವೂ ತಾನು ಒಪ್ಪಿಕೊಂಡ ಸುಂಕ, ಕಾಣಿಕೆಗಳನ್ನು ದಕ್ಷಿಣ ಭಾರತದುದ್ದಕ್ಕೂ ಶಾಸನಗಳಲ್ಲಿ ಬರೆಸಿತು. ಅವರ 1088ರ ಶಾಸನ ದೂರದ ಸುಮಾತ್ರಾದಲ್ಲಿ ದೊರೆತಿದೆ. ಸಮುದ್ರ ದಾಟಿದ ಆ ವ್ಯಾಪಾರಿಗಳಿಗೆ ಬರಹವೂ ಬೇಕಿತ್ತು, ಪರಸ್ಪರ ನಂಬಿಕೆಯೂ ಬೇಕಿತ್ತು.

ಹಾಗಾದರೆ ಏನು ಬರೆಯಬೇಕು? ಬಾಗಲಕೋಟೆಯ ಅಂಗಡಿಯೊಂದು ಇಳಕಲ್ಲಿನ ನೇಕಾರ ಕುಟುಂಬಕ್ಕೆ ಆರ್ಡರ್ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಎಂಟು ಗಜದ ಸೀರೆ, ನಲವತ್ತು. ಒಡಲು ಹತ್ತಿ, ಸೆರಗು ರೇಷ್ಮೆ. ಗೋಮಿ ದಡಿ. ಸೀರೆಗೆ ದರ ಇಷ್ಟು, ಮುಂಗಡ ಇಷ್ಟು. ನಾಗರ ಪಂಚಮಿಗೆ ಹದಿನೈದು ದಿನ ಮೊದಲು ಸರಕು ಮುಟ್ಟಬೇಕು. ಬಾಕಿ ಹಣ ಸರಕು ಮುಟ್ಟಿದ ಮೂವತ್ತು ದಿನದೊಳಗೆ. ಇಷ್ಟಾದರೂ ಕೆಲಸ ಪೂರ್ತಿಯಾಗಲಿಲ್ಲ. ‘ರೇಷ್ಮೆ’ ಎಂದಷ್ಟೇ ಬರೆದರೆ ಅದು ಶುದ್ಧ ರೇಷ್ಮೆಯೋ, ಚಮಕಾ ಎನ್ನುವ ಕೃತಕ ರೇಷ್ಮೆಯೋ ಎಂಬ ತಕರಾರು ಉಳಿಯುತ್ತದೆ. ನಡುವೆ ನೂಲಿನ ದರ ಏರಿದರೆ ಹೊರೆ ಯಾರದು, ಬಣ್ಣ ಬಿಟ್ಟರೆ ಎಷ್ಟು ದಿನದೊಳಗೆ ವಾಪಸ್ ಕಳಿಸಬಹುದು, ಜಗಳವಾದರೆ ಯಾವ ಊರಿನಲ್ಲಿ ತೀರ್ಮಾನ, ಇವೂ ಇರಬೇಕು. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕದವರು ಇದೇ ಜಾಗದಲ್ಲಿ ಕಲ್ಲಿನ ದಪ್ಪ, ಅಳತೆ, ಬಣ್ಣ, ಸಾಗಣೆಯಲ್ಲಿ ಒಡೆದರೆ ನಷ್ಟ ಯಾರದು ಎಂದು ಬರೆಯಬೇಕು. ಇದಕ್ಕೆಲ್ಲ ಬಾಂಡ್ ಪೇಪರೇ ಆಗಬೇಕೆಂದಿಲ್ಲ. ಲೆಟರ್‌ಹೆಡ್ ಸಾಕು. ಎರಡೂ ಕಡೆಯವರು ಒಪ್ಪಿದ ವಾಟ್ಸ್‌ಆ್ಯಪ್ ಸಂದೇಶವೂ ಆಧಾರವಾಗಬಲ್ಲದು, ಆದ್ದರಿಂದ ಅಂಥ ಸಂದೇಶಗಳನ್ನು ಅಳಿಸಬಾರದು.

ಬರಹ ಇದ್ದಮಾತ್ರಕ್ಕೆ ನ್ಯಾಯ ಸಿಗುತ್ತದೆ ಎಂದಲ್ಲ. ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿ ಬಾಯಿಮಾತಿಗಿಂತ ಅಪಾಯಕಾರಿ. ಭದ್ರತೆಗೆಂದು ಖಾಲಿ ಚೆಕ್ಕಿಗೆ ಸಹಿ ಹಾಕಿಕೊಡುವುದು ನಮ್ಮಲ್ಲಿ ಸಾಮಾನ್ಯ. ಅದರಲ್ಲಿ ಮೊತ್ತವನ್ನು ಬೇರೆಯವರು ತುಂಬಿದರೂ, ಅಷ್ಟು ಸಾಲ ಇರಲಿಲ್ಲವೆಂದು ತೋರಿಸುವ ಹೊಣೆ ಸಹಿ ಹಾಕಿದವನ ಮೇಲೆಯೇ ಬೀಳುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಇನ್ನೊಂದು ಕಡೆ, ಬರೆದದ್ದೆಲ್ಲ ಸಿಂಧುವೂ ಅಲ್ಲ. ಮುಂಗಡದ ನೆಪದಲ್ಲಿ ಮನುಷ್ಯನನ್ನು ಜೀತಕ್ಕೆ ಕಟ್ಟಿಹಾಕುವ ಕರಾರನ್ನು 1976ರ ಕಾಯ್ದೆ ರದ್ದು ಮಾಡಿದೆ. ಇನ್ನು ಭಾಷೆಯ ಪ್ರಶ್ನೆ. ಕನ್ನಡದಲ್ಲಿ ಬರೆದ ಕರಾರು ಇಂಗ್ಲಿಷಿನದಷ್ಟೇ ಗಟ್ಟಿ. ಫೈನಾನ್ಸ್ ಕಂಪನಿಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ವ್ಯವಹರಿಸಬೇಕು, ಸಾಲದ ಕರಾರಿನ ಒಂದು ಪ್ರತಿಯನ್ನು ಅವನಿಗೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಇದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳುವ ಭಯದಿಂದ ಸಣ್ಣವರು ಬಾಯಿಬಿಡುವುದಿಲ್ಲ ಎಂಬುದು ಸರ್ಕಾರಕ್ಕೂ ಗೊತ್ತು. ಅದಕ್ಕೇ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಅವರ ಪರವಾಗಿ ಕೆಲವು ಷರತ್ತುಗಳನ್ನು ತಾನೇ ಹಾಕಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಸರಕು ಕೊಂಡವರು ಗೊತ್ತುಮಾಡಿದ ದಿನದೊಳಗೆ ಹಣ ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ಲಿಖಿತ ಗಡುವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಬೆಳೆಯುತ್ತದೆ. ಈ ರಕ್ಷಣೆ ಬೇಕೆಂದರೆ ಆರ್ಡರ್ ಪಡೆಯುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. ಸರಕು ಮುಟ್ಟಿತೆಂಬುದಕ್ಕೆ ತಾರೀಕಿರುವ ರಸೀದಿಯೂ ಬೇಕು. ಸರಕು ಯಾವತ್ತು ಮುಟ್ಟಿತೆಂದು ತೋರಿಸಲಾಗದವನಿಗೆ 45 ದಿನದ ಲೆಕ್ಕ ಹಿಡಿಯುವುದು ಎಲ್ಲಿಂದ?

ಕೋರ್ಟು ದೂರ, ವಕೀಲರ ಫೀ ಭಾರ, ಕಾಗದ ಇಟ್ಟುಕೊಂಡು ಏನು ಮಾಡುವುದು ಎಂಬ ಪ್ರಶ್ನೆ ನ್ಯಾಯವಾದುದೇ. ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವಿದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ. ಅದಕ್ಕಿಂತ ಮುಖ್ಯವಾದದ್ದು, ಕರಾರಿನ ಮೊದಲ ಉಪಯೋಗ ಕೋರ್ಟಿನಲ್ಲಲ್ಲ. ಬರೆಯಲು ಕುಳಿತಾಗಲೇ ‘ಬಣ್ಣ ಬಿಟ್ಟರೆ?’ ಎಂಬ ಪ್ರಶ್ನೆ ಬರುತ್ತದೆ. ಇಬ್ಬರೂ ನಗುನಗುತ್ತಾ ಮಾತಾಡುತ್ತಿರುವಾಗಲೇ ಅದಕ್ಕೆ ಉತ್ತರ ಸಿಕ್ಕರೆ, ಮುಂದೆ ಮುಖ ತಿರುಗಿಸುವ ಪ್ರಸಂಗವೇ ಬರುವುದಿಲ್ಲ. ಹಳೆಯ ಸ್ನೇಹಗಳು ಹೆಚ್ಚಾಗಿ ಕೆಡುವುದು ಮೋಸದಿಂದಲ್ಲ, ಇಬ್ಬರೂ ಪ್ರಾಮಾಣಿಕವಾಗಿ ಬೇರೆಬೇರೆ ನೆನಪಿಟ್ಟುಕೊಂಡಿದ್ದರಿಂದ.

ಆದ್ದರಿಂದ ಮೊದಲ ಹೆಜ್ಜೆ ಇಡಬೇಕಾದವರು ಬಲವಿದ್ದವರೇ. ನೂಲು ಕೊಡುವಾಗ ಸಾವಕಾರ, ಸರಕು ಕೊಳ್ಳುವಾಗ ಅಂಗಡಿಯವರು, ಸಾಲ ಕೊಡುವಾಗ ಫೈನಾನ್ಸಿನವರು, ತಾವು ಬರೆದುಕೊಂಡದ್ದರ ಇನ್ನೊಂದು ಪ್ರತಿಯನ್ನು ಕೇಳುವ ಮೊದಲೇ ಕೊಡಲಿ. ನೇಕಾರರ ಸಹಕಾರ ಸಂಘಗಳೂ ವರ್ತಕರ ಸಂಘಗಳೂ ಕನ್ನಡದಲ್ಲಿ ಒಂದು ಪುಟದ ಮಾದರಿ ಕರಾರು ಅಚ್ಚುಹಾಕಿಸಿ ಹಂಚಲಿ. ಹಾಗೆ ಕೊಡುವವರೆಗೆ, ಕೇಳುವ ಧೈರ್ಯವನ್ನು ಸಣ್ಣವರು ಮಾಡಲೇಬೇಕು. ತನ್ನ ಲೆಕ್ಕ ಸರಿಯಿದೆ ಎಂದು ನಂಬಿದವನಿಗೆ ಅದರ ಪ್ರತಿ ಕೊಡಲು ಅಡ್ಡಿಯಾಗುವಂಥದ್ದು ಏನೂ ಇಲ್ಲ.